ಗ್ರೀಕ್ ಮಡಕೆಯ ಮೇಲಿನ ಯೋಧನನ್ನು ಓದುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಪ್ರಾಚೀನ ಗ್ರೀಕ್ ಮಡಕೆಯ ಮೇಲೆ ಈಟಿ ಹಿಡಿದ ಯೋಧನನ್ನು ಕಂಡ ಕೂಡಲೇ ‘ಇವನು ಯಾರು?’ ಎಂದು ಕೇಳಿಕೊಳ್ಳುತ್ತೇವೆ. ಅಕಿಲೀಸನೋ, ಹೆಕ್ಟರನೋ, ಅಜಾಕ್ಸನೋ? ಪಕ್ಕದ ಫಲಕದಲ್ಲಿ ಹೆಸರು ಸಿಕ್ಕಿತೆಂದರೆ ಮುಂದಿನ ಮಡಕೆಗೆ ನಡೆದುಬಿಡುತ್ತೇವೆ. ನಾನೂ ಬಹಳ ಕಾಲ ಹಾಗೆಯೇ ನೋಡುತ್ತಿದ್ದೆ. ನನ್ನನ್ನು ತಡೆದು ನಿಲ್ಲಿಸಿದ್ದು ಬರ್ಲಿನ್‌ನಲ್ಲಿರುವ ಒಂದು ಬಟ್ಟಲಿನ ಚಿತ್ರ. ಕ್ರಿ.ಪೂ. 500ರ ಸುಮಾರಿನದು, ಕುಂಬಾರ ಸೊಸಿಯಾಸ್‌ನ ಸಹಿ ಅದರ ಮೇಲಿದೆ. ಗಡ್ಡ ಇನ್ನೂ ಮೂಡದ ಅಕಿಲೀಸ್ ತಲೆ ಬಗ್ಗಿಸಿ ಗೆಳೆಯ ಪಟ್ರೋಕ್ಲಸನ ತೋಳಿಗೆ ಪಟ್ಟಿ ಕಟ್ಟುತ್ತಿದ್ದಾನೆ. ಪಟ್ರೋಕ್ಲಸ್ ನೋವು ತಡೆಯಲಾರದೆ ಮುಖ ತಿರುಗಿಸಿದ್ದಾನೆ; ತುಟಿಗಳ ನಡುವೆ ಬಿಳಿಯ ಹಲ್ಲು ಕಾಣುತ್ತದೆ. ಗ್ರೀಕ್ ಪುರಾಣದ ಟ್ರಾಯ್ ಯುದ್ಧದ ಮಹಾವೀರನ ಕೈಯಲ್ಲಿ ಆಯುಧವಿಲ್ಲ, ಬಟ್ಟೆಯ ಪಟ್ಟಿ ಇದೆ.

ಹೆಸರನ್ನು ಬದಿಗಿಟ್ಟು ಕೈಗಳನ್ನು ನೋಡತೊಡಗಿದ ಮೇಲೆ ಈ ಮಡಕೆಗಳು ನನಗೆ ಬೇರೆಯಾಗಿಯೇ ಕಂಡವು. ಹೊಡೆದಾಟದ ಚಿತ್ರಗಳು ಬೇಕಾದಷ್ಟಿವೆ, ನಿಜ. ಆದರೆ ಅತ್ಯುತ್ತಮ ಚಿತ್ರಕಾರರು ತಮ್ಮ ಶಕ್ತಿಯನ್ನೆಲ್ಲ ಸುರಿದದ್ದು ಹೋರಾಟಕ್ಕೆ ಮುಂಚಿನ ಮತ್ತು ಅದರ ನಂತರದ ಗಳಿಗೆಗಳ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಹೆಜ್ಜೆಗಳ ಕ್ರಮ ಹುಟ್ಟಿದ್ದು ಅದರಿಂದಲೇ. ಹೆಸರಿನ ಸರದಿ ತೀರ ತಡವಾಗಿ ಬರುತ್ತದೆ.

ಶುರು ಮಾಡುವ ಮುನ್ನ

ಒಂದು ಸಲಕ್ಕೆ ಒಂದೇ ಮಡಕೆ. ಕನಿಷ್ಠ ಅರ್ಧ ಗಂಟೆ ಕೊಡಿ. ಪೆನ್ಸಿಲ್, ಖಾಲಿ ಹಾಳೆ ಜೊತೆಗಿರಲಿ. ಗ್ರೀಸ್‌ಗೋ ಇಟಲಿಗೋ ಹೋಗಲೇಬೇಕೆಂದಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಪ್ಯಾರಿಸ್ಸಿನ ಲೂವ್ರ್ ತಮ್ಮ ಸಂಗ್ರಹದ ಚಿತ್ರಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬೀಜ್ಲಿ ಆರ್ಕೈವ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಡಕೆಗಳ ದಾಖಲೆ ಇದೆ. ನೀವು ಆರಿಸಿಕೊಂಡ ಮಡಕೆಗೆ ಮುಂಭಾಗ, ಹಿಂಭಾಗ, ಹಿಡಿಕೆಯ ಪಕ್ಕ, ಬಾಯಿ ಈ ನಾಲ್ಕೂ ಕಡೆಯ ಚಿತ್ರಗಳಿವೆಯೇ ನೋಡಿ. ಒಂದೇ ಚಿತ್ರವಿದ್ದರೆ ಬೇರೆ ಮಡಕೆ ಹುಡುಕಿ. ಉಬ್ಬಿದ ಮೈಮೇಲೆ ಬರೆದ ಆಕೃತಿ ಒಂದೇ ಕೋನದಿಂದ ಪೂರ್ತಿ ಸಿಗುವುದಿಲ್ಲ.

ಹೆಜ್ಜೆ 1: ಮೊದಲು ಮಡಕೆ, ಆಮೇಲೆ ಚಿತ್ರ

ಇದು ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಬಳಸುವ ಪಾತ್ರೆ. ಹಾಗಾಗಿ ಅದರಲ್ಲಿ ಏನಿರುತ್ತಿತ್ತು ಎಂದು ಮೊದಲು ಕೇಳಿ. ಎರಡು ಹಿಡಿಕೆಯ, ಹೊಟ್ಟೆ ಉಬ್ಬಿದ ಅಂಫೊರಾದಲ್ಲಿ ದ್ರಾಕ್ಷಾರಸ ಅಥವಾ ಎಣ್ಣೆ. ಅಗಲ ಬಾಯಿಯ ಕ್ರೇಟರ್‌ನಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸುತ್ತಿದ್ದರು. ಗ್ರೀಕರು ನೀರು ಬೆರೆಸದೆ ಕುಡಿಯುವುದನ್ನು ಒರಟುತನ ಎಂದು ಎಣಿಸುತ್ತಿದ್ದರು. ಮೂರು ಹಿಡಿಕೆ ಇದ್ದರೆ ಹೈಡ್ರಿಯಾ, ನೀರಿನ ಕೊಡ. ಕಾಲಿರುವ ಅಗಲವಾದ ಆಳವಿಲ್ಲದ ಬಟ್ಟಲು ಕೈಲಿಕ್ಸ್. ಕಿರಿದಾದ ಕತ್ತಿನ ಎಣ್ಣೆಪಾತ್ರೆ ಲೆಕಿಥೊಸ್.

ಆಕಾರ ಚಿತ್ರದ ಅರ್ಥವನ್ನೇ ಬದಲಿಸುತ್ತದೆ. ಸೊಸಿಯಾಸ್‌ನ ಬಟ್ಟಲಿನ ಚಿತ್ರ ಇರುವುದು ಒಳಗಿನ ತಳದಲ್ಲಿ. ಕುಡಿಯುವವನ ಕಣ್ಣಿಗೆ ಮೊದಲು ಕಾಣುತ್ತಿದ್ದುದು ದ್ರಾಕ್ಷಾರಸ ಮಾತ್ರ. ಬಟ್ಟಲು ಬರಿದಾಗುತ್ತ ಬಂದಂತೆ ಗಾಯಗೊಂಡವನ ಮುಖ ಮೇಲೇಳುತ್ತಿತ್ತು. ಬಿಳಿ ಹಿನ್ನೆಲೆಯ ಲೆಕಿಥೊಸ್‌ಗಳನ್ನು ಕ್ರಿ.ಪೂ. 5ನೆಯ ಶತಮಾನದಲ್ಲಿ ಅಥೆನ್ಸಿನವರು ಸಮಾಧಿಗಳ ಬಳಿ ಇಡುತ್ತಿದ್ದರು. ಅದರ ಮೇಲೆ ಸಮಾಧಿಗಲ್ಲಿನ ಪಕ್ಕದಲ್ಲಿ ಈಟಿ ಹಿಡಿದು ಸುಮ್ಮನೆ ನಿಂತ ಯುವಕನಿದ್ದರೆ, ಅವನು ಸತ್ತವನನ್ನು ನೋಡಲು ಬಂದವನಾಗಿರಬಹುದು, ಸತ್ತವನೇ ಆಗಿರಲೂಬಹುದು. ಅಥೆನ್ಸಿನ ಪ್ಯಾನಥೆನೇಯ ಕ್ರೀಡೋತ್ಸವದಲ್ಲಿ ಗೆದ್ದವರಿಗೆ ಎಣ್ಣೆ ತುಂಬಿ ಕೊಡುತ್ತಿದ್ದ ಅಂಫೊರಾಗಳ ಒಂದು ಬದಿಯಲ್ಲಿ ಅಥೀನಾ ದೇವಿ, ಇನ್ನೊಂದು ಬದಿಯಲ್ಲಿ ಆಯಾ ಸ್ಪರ್ಧೆಯ ಚಿತ್ರ. ಅಲ್ಲಿ ಗುರಾಣಿ ಹಿಡಿದು ಓಡುವವರು ರಣರಂಗದಿಂದ ಓಡಿಹೋಗುತ್ತಿಲ್ಲ. ಅದು ಆಯುಧ ಧರಿಸಿ ಓಡುವ ಪಂದ್ಯ. ಒಲಿಂಪಿಯಾದ ಕ್ರೀಡೆಗಳಿಗೆ ಅದು ಸೇರಿದ್ದು ಕ್ರಿ.ಪೂ. 520ರಲ್ಲಿ.

ಹೆಜ್ಜೆ 2: ಬಣ್ಣ ನೋಡಿ ಕಾಲ ಊಹಿಸಿ

ಕೆಂಪು ಮಣ್ಣಿನ ಮೇಲೆ ಕಪ್ಪು ಮನುಷ್ಯರಿದ್ದು, ಒಳಗಿನ ಗೆರೆಗಳನ್ನು ಮೊನೆಯಿಂದ ಗೀರಿ ತೆಗೆದಿದ್ದರೆ ಅದು ಕಪ್ಪು ಆಕೃತಿಯ ಶೈಲಿ. ಕ್ರಿ.ಪೂ. 7ನೆಯ ಶತಮಾನದಲ್ಲಿ ಕೊರಿಂಥ್‌ನಲ್ಲಿ ಹುಟ್ಟಿ, 6ನೆಯ ಶತಮಾನದಲ್ಲಿ ಅಥೆನ್ಸಿನಲ್ಲಿ ತುದಿ ಮುಟ್ಟಿತು. ಹಿನ್ನೆಲೆ ಕಪ್ಪಾಗಿ, ಮನುಷ್ಯರು ಮಣ್ಣಿನ ಕೆಂಪಿನಲ್ಲೇ ಉಳಿದು, ಒಳಗೆರೆಗಳನ್ನು ಕುಂಚದಿಂದ ಎಳೆದಿದ್ದರೆ ಕೆಂಪು ಆಕೃತಿಯ ಶೈಲಿ, ಇದು ಕ್ರಿ.ಪೂ. 530–520ರ ಸುಮಾರಿಗೆ ಅಥೆನ್ಸಿನಲ್ಲಿ ಮೊದಲಾಯಿತು. ಗೀರುವ ಮೊನೆಗಿಂತ ಕುಂಚ ಮೆದುವಾಗಿ ತಿರುಗುತ್ತದೆ. ಸ್ನಾಯು, ಬಟ್ಟೆಯ ಮಡಿಕೆ, ತಿರುಗಿದ ಮುಖ ಎಲ್ಲವೂ ಅದರಿಂದ ಸಾಧ್ಯವಾದವು. ಎರಡು ಶೈಲಿಗಳೂ ಒಂದೇ ಮಡಕೆಯ ಎರಡು ಬದಿಗಳಲ್ಲಿರುವುದೂ ಉಂಟು.

ಇವೆರಡಕ್ಕೂ ಹಿಂದಿನವನ್ನು ಗುರುತಿಸುವುದು ಸುಲಭ. ಗ್ರೀಸಿನ ಪುರಾತನ ನಗರ ಮೈಸೀನೆಯಲ್ಲಿ ಜರ್ಮನ್ ಪುರಾತತ್ವಜ್ಞ ಶ್ಲೀಮನ್ ಉತ್ಖನನ ಮಾಡಿದಾಗ ಸಿಕ್ಕ ‘ಯೋಧರ ಮಡಕೆ’ ಕ್ರಿ.ಪೂ. 12ನೆಯ ಶತಮಾನದ್ದು, ಈಗ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ. ಕೊಂಬಿನ ಶಿರಸ್ತ್ರಾಣ ಧರಿಸಿ, ಈಟಿಗೆ ಬುತ್ತಿಚೀಲ ಕಟ್ಟಿಕೊಂಡು ಯೋಧರು ಸಾಲಾಗಿ ಹೊರಟಿದ್ದಾರೆ; ಎಡತುದಿಯಲ್ಲಿ ಒಬ್ಬ ಹೆಂಗಸು ಕೈ ಎತ್ತಿ ನಿಂತಿದ್ದಾಳೆ. ಯಾರೂ ಯಾರನ್ನೂ ಕೊಲ್ಲುತ್ತಿಲ್ಲ. ಈ ಹೊರಡುವ ಗಳಿಗೆಯೇ ಮುಂದೆ ಏಳುನೂರು ವರ್ಷಗಳ ನಂತರವೂ ಗ್ರೀಕ್ ಚಿತ್ರಕಾರರನ್ನು ಬಿಡಲಿಲ್ಲ. ಕ್ರಿ.ಪೂ. 8ನೆಯ ಶತಮಾನದ ಮಡಕೆಗಳಲ್ಲಾದರೆ ಮನುಷ್ಯರು ತ್ರಿಕೋಣದ ಎದೆಯ ನೆರಳುಗಳು. ರಥಗಳ ಸಾಲು, ಶವದ ಸುತ್ತ ತಲೆಗೆ ಕೈಹೊತ್ತ ಜನ.

ಈ ಕಪ್ಪು ಬಣ್ಣ ಬಂದ ಬಗೆ ತಿಳಿದರೆ ನೋಟ ಇನ್ನೂ ಹರಿತವಾಗುತ್ತದೆ. ಅದು ಬೇರೆ ಬಣ್ಣವಲ್ಲ. ಅದೇ ಕಬ್ಬಿಣದಂಶದ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಅತಿ ನುಣುಪಾದ ಕಣಗಳನ್ನಷ್ಟೇ ಬಸಿದು ತೆಗೆದ ತಿಳಿ. ಆವಿಗೆಯಲ್ಲಿ ಸುಡುವುದು ಮೂರು ಹಂತಗಳಲ್ಲಿ. ಮೊದಲು ಗಾಳಿ ಬಿಟ್ಟು ಸುಟ್ಟಾಗ ಎಲ್ಲವೂ ಕೆಂಪು. ನಂತರ ಗಾಳಿಕಿಂಡಿ ಮುಚ್ಚಿ, ಹಸಿ ಸೌದೆ ಹಾಕಿ ಹೊಗೆ ಎಬ್ಬಿಸಿದಾಗ ಆಮ್ಲಜನಕ ಸಾಲದೆ ಎಲ್ಲವೂ ಕಪ್ಪು. 900 ಡಿಗ್ರಿ ಸೆಲ್ಸಿಯಸ್ ದಾಟುವ ಈ ಹೊತ್ತಿಗೆ ತಿಳಿ ಬಳಿದ ಭಾಗ ಗಾಜಿನಂತೆ ಬಿಗಿದುಕೊಳ್ಳುತ್ತದೆ. ಕೊನೆಗೆ ಮತ್ತೆ ಕಿಂಡಿ ತೆರೆದರೆ, ರಂಧ್ರಗಳಿರುವ ಮೈ ಗಾಳಿ ಹೀರಿ ಕೆಂಪಾಗುತ್ತದೆ. ಬಿಗಿದುಕೊಂಡ ತಿಳಿ ಕಪ್ಪಾಗಿಯೇ ಉಳಿಯುತ್ತದೆ. ಯೋಧನ ಎದೆಯ ಮೇಲೆ ಎಲ್ಲೋ ಕಪ್ಪು ಮಾಸಿ ಕಂದು ತಿರುಗಿದ್ದರೆ, ಅದು ಹೆಚ್ಚಾಗಿ ಆವಿಗೆಯೊಳಗೆ ಮಡಕೆಗೆ ಮಡಕೆ ತಾಗಿದ ಅಥವಾ ಹೊಗೆ ಸರಿಯಾಗಿ ತಲುಪದ ಗುರುತು. ಕುಂಬಾರ ಆವಿಗೆ ತೆರೆದು ನಿಟ್ಟುಸಿರು ಬಿಟ್ಟ ಆ ಬೆಳಗು ನನಗೆ ಅಂಥ ಕಲೆಗಳಲ್ಲಿ ಕಾಣುತ್ತದೆ.

ಹೆಜ್ಜೆ 3: ಪಾದದಿಂದ ತಲೆಯವರೆಗೆ ಏರಿ

ಕಣ್ಣು ತಾನಾಗಿ ಮುಖಕ್ಕೆ ಹಾರುತ್ತದೆ. ಅದನ್ನು ತಡೆದು ಕೆಳಗಿನಿಂದ ಶುರು ಮಾಡಿ. ಮೊಣಕಾಲಿನವರೆಗೆ ಅಂಟಿದಂತಿರುವುದು ಕಂಚಿನ ಕಾಲ್ಗವಚ. ಎದೆಗವಚ ಹಳೆಯ ಚಿತ್ರಗಳಲ್ಲಿ ಸೊಂಟದ ಬಳಿ ಗಂಟೆಯ ಬಾಯಿಯಂತೆ ಹೊರಬಾಗಿದ ಕಂಚು. ಮುಂದೆ ಅದರ ಜಾಗಕ್ಕೆ ಹೆಗಲ ಮೇಲಿಂದ ಪಟ್ಟಿಗಳನ್ನು ಎಳೆದು ಎದೆಗೆ ಕಟ್ಟುವ ಹಗುರವಾದ ಕವಚ ಬರುತ್ತದೆ. ಕೊರಿಂಥ್ ಮಾದರಿಯ ಶಿರಸ್ತ್ರಾಣ ಕಣ್ಣು ಬಾಯಿಗಳ ಸೀಳು ಬಿಟ್ಟು ಮುಖವನ್ನೆಲ್ಲ ಮುಚ್ಚುತ್ತದೆ. ಅದನ್ನು ಹಣೆಯ ಮೇಲಕ್ಕೆ ತಳ್ಳಿಕೊಂಡಿದ್ದರೆ ಸದ್ಯಕ್ಕೆ ಅಪಾಯವಿಲ್ಲ ಎಂದರ್ಥ.

ಗುರಾಣಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲಿ. ಸುಮಾರು 90 ಸೆಂಟಿಮೀಟರ್ ಅಗಲದ ದುಂಡು ಗುರಾಣಿ. ಮುಂಗೈಯನ್ನು ನಡುವಿನ ಪಟ್ಟಿಯೊಳಗೆ ತೂರಿಸಿ, ಅಂಚಿನ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಅದು ಯಾವಾಗಲೂ ಎಡಗೈಯಲ್ಲಿ. ಆದ್ದರಿಂದ ಬಲಕ್ಕೆ ಮುಖ ಮಾಡಿದವನ ಗುರಾಣಿಯ ಒಳಭಾಗ ನಮಗೆ ಕಾಣುತ್ತದೆ, ಎಡಕ್ಕೆ ಮುಖ ಮಾಡಿದವನದು ಹೊರಭಾಗ. ಗೆಲ್ಲುವವನನ್ನು ಎಡದಿಂದ ಬಲಕ್ಕೆ ನುಗ್ಗಿಸುವುದು ಈ ಚಿತ್ರಕಾರರ ರೂಢಿ. ಹೀಗಾಗಿ ಗೆಲ್ಲುವವನ ಬರಿಯ ಎದೆ, ಚಾಚಿದ ತೋಳು ಕಾಣುತ್ತವೆ. ಸೋಲುವವನ ಅಂದದ ಲಾಂಛನ ಕಾಣುತ್ತದೆ. ಸಿಂಹ, ಹದ್ದು, ಹಾವು, ಮೂರು ಓಡುವ ಕಾಲುಗಳು, ನಾಲಿಗೆ ಚಾಚಿದ ಗೊರ್ಗೊನ್ ಎಂಬ ರಾಕ್ಷಸಿಯ ಮುಖ ಇವು ಲಾಂಛನಗಳು. ರೋಮ್‌ನ ವಿಲ್ಲಾ ಜೂಲಿಯಾ ವಸ್ತುಸಂಗ್ರಹಾಲಯದ ಚಿಗಿ ಮಡಕೆಯಲ್ಲಿ ಈ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಕ್ರಿ.ಪೂ. 650–640ರ, ಬರೀ 26 ಸೆಂಟಿಮೀಟರ್ ಎತ್ತರದ ಆ ಹೂಜಿಯ ಮೇಲೆ ಎರಡು ಸೇನೆಗಳು ಎದುರಾಗುತ್ತವೆ; ಎಡಗಡೆಯ ಸೇನೆಯ ಸಾಲುಗಳ ನಡುವೆ ಜೋಡಿಕೊಳಲು ಊದುತ್ತಿರುವ ಹುಡುಗ. ಅವನ ಊದಿದ ನಾದಕ್ಕೆ ಸಾಲಿನ ಹೆಜ್ಜೆಗಳು ಕೂಡಬೇಕು.

ಗುರಾಣಿಯ ಎರಡೂ ಪಕ್ಕದಲ್ಲಿ ಅರ್ಧಚಂದ್ರದಂತೆ ಕತ್ತರಿಸಿದ್ದರೆ ಅದನ್ನು ಬೊಯೋಷಿಯಾ ಮಾದರಿ ಎನ್ನುತ್ತಾರೆ. ‘ಇದು ವೀರರ ಕಾಲದ ಕಥೆ’ ಎಂದು ಸೂಚಿಸಲು ಚಿತ್ರಕಾರರು ಅದನ್ನು ಬಳಸುತ್ತಿದ್ದರು. ಉಳಿದಂತೆ ಟ್ರಾಯ್‌ನ ವೀರರಿಗೂ ತಮ್ಮ ಕಾಲದ ಆಯುಧಗಳನ್ನೇ ತೊಡಿಸುತ್ತಿದ್ದರು. ಬರಿಮೈಯಲ್ಲಿ ಶಿರಸ್ತ್ರಾಣ, ಗುರಾಣಿ ಮಾತ್ರ ಧರಿಸಿ ಹೋರಾಡುವವರನ್ನು ನೋಡಿ ಗ್ರೀಕರು ಹಾಗೆಯೇ ಯುದ್ಧಕ್ಕೆ ಹೋಗುತ್ತಿದ್ದರು ಎಂದು ಬರೆದುಕೊಳ್ಳಬೇಡಿ. ಆ ಬೆತ್ತಲೆತನ ವೀರನ ಸೌಂದರ್ಯಕ್ಕೆ ಸಲ್ಲಿಸಿದ ಗೌರವ.

ಗ್ರೀಕರಲ್ಲದವರ ಗುರುತುಗಳು ಬೇಗ ಕಲಿಯಬಹುದಾದವು. ಚೂಪು ಟೋಪಿ, ಚಿತ್ತಾರದ ಷರಾಯಿ, ಬಿಲ್ಲು ಇದ್ದರೆ ಕಪ್ಪುಸಮುದ್ರದ ಉತ್ತರದ ಅಲೆಮಾರಿಗಳಾದ ಸಿಥಿಯನ್ನರ ಉಡುಗೆ. ಅರ್ಧಚಂದ್ರದ ಗುರಾಣಿ, ನರಿಚರ್ಮದ ಟೋಪಿ ಗ್ರೀಸಿನ ಉತ್ತರಕ್ಕಿದ್ದ ಥ್ರೇಸ್ ನಾಡಿನವು. ಕಪ್ಪು ಆಕೃತಿಯ ಮಡಕೆಯಲ್ಲಿ ಯೋಧನ ಮೈಗೆ ಬಿಳಿ ಬಳಿದಿದ್ದರೆ ಅದು ಹೆಣ್ಣು, ಎಂದರೆ ಪುರಾಣದ ಯೋಧೆಯರಾದ ಅಮೆಜಾನರಲ್ಲಿ ಒಬ್ಬಳು. ಮರ್ತ್ಯರ ಲೋಕದಲ್ಲಿ ಆಯುಧ ಹಿಡಿದ ಹೆಂಗಸರೆಂದರೆ ಅವರೇ.

ಹೆಜ್ಜೆ 4: ಕೈಗಳು ಏನು ಮಾಡುತ್ತಿವೆ?

ಇಡೀ ಮಾರ್ಗದರ್ಶಿಯ ತಿರುಳು ಇಲ್ಲಿದೆ. ಹಾಳೆಯ ಮೇಲೆ ಪ್ರತಿ ಆಕೃತಿಯ ಎರಡೂ ಕೈಗಳನ್ನು ಗುರುತಿಸಿ, ಪ್ರತಿಯೊಂದರ ಪಕ್ಕದಲ್ಲಿ ಒಂದು ಕ್ರಿಯಾಪದ ಬರೆಯಿರಿ: ಕಟ್ಟುತ್ತಿದೆ, ಕೊಡುತ್ತಿದೆ, ಸುರಿಯುತ್ತಿದೆ, ಹೊರುತ್ತಿದೆ, ಬೇಡುತ್ತಿದೆ. ನಾಮಪದ ಬೇಡ. ಐದು ನಿಮಿಷದಲ್ಲಿ ದೃಶ್ಯ ತನ್ನ ಜಾತಿ ಹೇಳುತ್ತದೆ.

ಕೈ ಕವಚದ ಪಟ್ಟಿ ಎಳೆಯುತ್ತಿದ್ದರೆ ಸಜ್ಜಾಗುವ ದೃಶ್ಯ. ಮ್ಯೂನಿಕ್‌ನಲ್ಲಿರುವ ಯುಥಿಮಿಡೀಸ್‌ನ ಅಂಫೊರಾದಲ್ಲಿ ಹೆಕ್ಟರ್ ನಡುವೆ ನಿಂತು ಎದೆಗವಚ ಬಿಗಿದುಕೊಳ್ಳುತ್ತಿದ್ದಾನೆ. ಒಂದು ಪಕ್ಕದಲ್ಲಿ ಮುದಿ ತಂದೆ ಪ್ರಿಯಾಮ್ ಕೋಲೂರಿ ನಿಂತಿದ್ದಾನೆ; ಇನ್ನೊಂದು ಪಕ್ಕದಲ್ಲಿ ತಾಯಿ ಹೆಕುಬಾ ಶಿರಸ್ತ್ರಾಣ ಹಿಡಿದಿದ್ದಾಳೆ. ಮಗನ ಸಾವಿಗೆ ಬೇಕಾದ ಸಾಮಾನನ್ನು ತಾಯಿಯೇ ಕೈಗೆ ಕೊಡಬೇಕು. ಈ ಒಂದು ಕೈಯನ್ನು ಗಮನಿಸದವರಿಗೆ ಆ ಮಡಕೆಯಲ್ಲಿ ಕಾಣುವುದು ಮೂರು ಗಂಭೀರ ನಿಲುವುಗಳಷ್ಟೇ.

ಹೆಂಗಸಿನ ಕೈಯಲ್ಲಿ ಹೂಜಿ, ಯೋಧನ ಕೈಯಲ್ಲಿ ತಟ್ಟೆಯಂಥ ಬಟ್ಟಲಿದ್ದರೆ ಅದು ಬೀಳ್ಕೊಡುಗೆ. ದೇವರಿಗೆಂದು ದ್ರಾಕ್ಷಾರಸವನ್ನು ನೆಲಕ್ಕೆ ಸುರಿಯುವ ವಿಧಿ ಅದು. ಅಲ್ಲಿ ಯಾರೂ ಅಳುವುದಿಲ್ಲ, ಮುಖಗಳು ಶಾಂತವಾಗಿರುತ್ತವೆ. ಆದರೆ ಅವರ ಕಣ್ಣುಗಳು ಸೇರುತ್ತವೆಯೇ, ಅಥವಾ ಅವಳ ದೃಷ್ಟಿ ಬಟ್ಟಲಿನ ಮೇಲೆಯೇ ಇದೆಯೇ ನೋಡಿ. ಕೆಲವು ಮಡಕೆಗಳಲ್ಲಿ ಹುಡುಗನೊಬ್ಬ ಬಲಿಪಶುವಿನ ಯಕೃತ್ತನ್ನು ಯೋಧನ ಮುಂದೆ ಹಿಡಿದಿರುತ್ತಾನೆ: ಹೋದವನು ಮರಳುತ್ತಾನೆಯೇ ಎಂದು ಶಕುನ ನೋಡುವ ದೃಶ್ಯ.

ಹೊರುವ ಕೈಗಳು ಯುದ್ಧದ ನಂತರದವು. ಯುಫ್ರೋನಿಯಸ್ ಚಿತ್ರಿಸಿದ, ಯುಕ್ಸಿಥಿಯಸ್ ತಿಗರಿಯಲ್ಲಿ ಎತ್ತಿದ ಕ್ರೇಟರ್ (ಸುಮಾರು ಕ್ರಿ.ಪೂ. 515) ಇದರ ಶಿಖರ. ಜ್ಯೂಸ್ ದೇವನ ಮಗ ಸರ್ಪೆಡಾನ್ ಸತ್ತಿದ್ದಾನೆ. ಗಾಯಗಳಿಂದ ರಕ್ತ ಇನ್ನೂ ಹರಿಯುತ್ತಿದೆ. ರೆಕ್ಕೆಗಳುಳ್ಳ, ಕವಚ ತೊಟ್ಟ ನಿದ್ರೆ ಮತ್ತು ಮೃತ್ಯು ಎಂಬ ಸೋದರರು ಅವನನ್ನು ಮೆಲ್ಲಗೆ ಎತ್ತುತ್ತಿದ್ದಾರೆ. ಅವರ ಬೆರಳುಗಳನ್ನು ದೊಡ್ಡದು ಮಾಡಿ ನೋಡಿ.

ಇನ್ನು ಬರೀ ಇರಿಯುವ ಕೈಗಳ ದೃಶ್ಯವಾದರೆ ಸೋಲುತ್ತಿರುವವನ ಕೈಯ ಮೇಲೆ ಗಮನವಿಡಿ. ಅದು ಆಯುಧ ಹುಡುಕುತ್ತಿದೆಯೋ, ಗೆದ್ದವನ ಗಲ್ಲ ಮುಟ್ಟಿ ಪ್ರಾಣ ಬೇಡುತ್ತಿದೆಯೋ, ಜೋತುಬಿದ್ದಿದೆಯೋ ಎಂಬುದರಲ್ಲಿ ಚಿತ್ರಕಾರನ ಮನಸ್ಸಿದೆ.

ಹೆಜ್ಜೆ 5: ಅಕ್ಷರಗಳನ್ನು ಓದಿ

ಆಕೃತಿಗಳ ನಡುವೆ ಇರುವೆ ಸಾಲಿನಂತೆ ಕಾಣುವುದು ಬರಹ. ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಪ್ರಾಚೀನ ಗ್ರೀಕ್‌ನಲ್ಲಿ ಖ, ಥ, ಫ ಎಂಬ ಮಹಾಪ್ರಾಣಗಳಿದ್ದವು, ಅವುಗಳಿಗೆ ಬೇರೆ ಬೇರೆ ಅಕ್ಷರಗಳೂ ಇದ್ದವು. ಗುಣಾಕಾರದ ಚಿಹ್ನೆಯಂಥದ್ದು ಖ. ವೃತ್ತದೊಳಗೆ ಚುಕ್ಕೆಯೋ ಶಿಲುಬೆಯೋ ಇದ್ದರೆ ಥ. ವೃತ್ತವನ್ನು ಉದ್ದಗೆರೆ ಸೀಳಿದ್ದರೆ ಫ. ನಾವು ಅಕಿಲೀಸ್ ಎಂದು ಬರೆಯುವವನ ಹೆಸರಿನಲ್ಲಿ ನಿಜಕ್ಕೂ ಇರುವುದು ‘ಖಿ’. ಬರಹ ಬಲದಿಂದ ಎಡಕ್ಕೆ ಹರಿಯುವುದೂ ಸಾಮಾನ್ಯ. ಹೆಚ್ಚಾಗಿ ಅದು ಹೆಸರಿನ ಒಡೆಯನ ತಲೆಯ ಬಳಿಯಿಂದ ಹೊರಡುತ್ತದೆ.

ಮೂರು ಪದ ಕಲಿತರೆ ಸಾಕು. ‘ಎಪೊಯೆಸೆನ್’ ಎಂದರೆ ಮಾಡಿದನು, ಇದು ಸಾಮಾನ್ಯವಾಗಿ ಕುಂಬಾರನ ಸಹಿ. ‘ಎಗ್ರಫ್ಸೆನ್’ ಎಂದರೆ ಚಿತ್ರಿಸಿದನು. ‘ಕಲೊಸ್’ ಎಂದರೆ ಚೆಲುವ. ಊರಿನವರ ಕಣ್ಣಿಗೆ ಬಿದ್ದ ತರುಣನ ಹೆಸರಿನ ಜೊತೆ ಬರುತ್ತದೆ. ಕ್ರಿ.ಪೂ. 510ರ ಸುಮಾರಿನ ಹಲವಾರು ಮಡಕೆಗಳಲ್ಲಿ ‘ಲೆಯಾಗ್ರೊಸ್ ಚೆಲುವ’ ಎಂದಿದೆ. ಆ ಲೆಯಾಗ್ರೊಸ್ ಮುಂದೆ ಅಥೆನ್ಸಿನ ಸೇನಾನಿಯಾಗಿ, ಕ್ರಿ.ಪೂ. 465ರ ಸುಮಾರಿಗೆ ಥ್ರೇಸ್‌ನ ಯುದ್ಧದಲ್ಲಿ ಸತ್ತ. ಅವನ ಹೆಸರಿನ ಮಡಕೆ ಕಂಡಾಗಲೆಲ್ಲ ನನಗೆ ಆ ಸಾವು ನೆನಪಾಗುತ್ತದೆ. ಓದಿದರೂ ಅರ್ಥವಾಗದ ಅಕ್ಷರಸಾಲು ಸಿಕ್ಕರೆ ಕಂಗೆಡಬೇಡಿ; ಅರ್ಥವಿಲ್ಲದ ಅಕ್ಷರಗಳನ್ನು ಅಲಂಕಾರಕ್ಕೆಂದೇ ಬರೆದ ಮಡಕೆಗಳು ಬಹಳಷ್ಟಿವೆ.

ಹೆಜ್ಜೆ 6: ಈಗ ಹೆಸರು

ಸಿಂಹಚರ್ಮ ಹೊದ್ದವನು ಹೆರಾಕ್ಲಿಸ್. ಸತ್ತವನ ದೊಡ್ಡ ದೇಹವನ್ನು ಹೆಗಲ ಮೇಲೆ ಹೊತ್ತು ಬಾಗಿ ನಡೆಯುವವನು ಸಾಮಾನ್ಯವಾಗಿ ಅಕಿಲೀಸನನ್ನು ಹೊತ್ತ ಅಜಾಕ್ಸ್. ಮುದುಕನನ್ನು ಬೆನ್ನಮೇಲೆ ಹೊತ್ತವನು ತಂದೆಯೊಡನೆ ಟ್ರಾಯ್ ತೊರೆಯುವ ಈನಿಯಾಸ್. ಬರಹವೂ ಇಲ್ಲ, ಇಂಥ ಗುರುತೂ ಇಲ್ಲವೆಂದರೆ ‘ಒಬ್ಬ ಯೋಧ’ ಎಂದೇ ಬರೆಯಿರಿ. ಅಥೆನ್ಸಿನ ಯಾವ ಮನೆಯವರೂ ತಮ್ಮ ಮಗನನ್ನು ಕಾಣಬಹುದಾದ ಚಿತ್ರವದು. ಬಲವಂತದ ಹೆಸರು ಅದನ್ನು ಬಡವಾಗಿಸುತ್ತದೆ.

ಹೆಜ್ಜೆ 7: ಮಡಕೆಯನ್ನು ತಿರುಗಿಸಿ

ಯುಫ್ರೋನಿಯಸ್‌ನ ಕ್ರೇಟರ್‌ನ ಹಿಂಬದಿಯಲ್ಲಿ ಸರ್ಪೆಡಾನ್ ಇಲ್ಲ, ದೇವತೆಗಳೂ ಇಲ್ಲ. ಅಥೆನ್ಸಿನ ಸಾಮಾನ್ಯ ತರುಣರು ಕಾಲ್ಗವಚ ತೊಟ್ಟು, ಗುರಾಣಿ ಎತ್ತಿಕೊಳ್ಳುತ್ತಿದ್ದಾರೆ. ಮುಂಬದಿಯಲ್ಲಿ ಹಳೆಯ ವೀರನ ಶವ, ಹಿಂಬದಿಯಲ್ಲಿ ಇಂದು ಹೊರಡುತ್ತಿರುವ ಹುಡುಗರು. ಒಂದು ಬದಿ ಮಾತ್ರ ನೋಡಿದವರು ಅರ್ಧ ವಾಕ್ಯ ಓದಿದಂತೆ.

ಹೆಜ್ಜೆ 8: ಗಾಯ ಮತ್ತು ದಾರಿ

ಬಿರುಕು, ತುಂಬಿದ ಭಾಗ, ಹೊಳಪಿಲ್ಲದ ಕಪ್ಪು ಎಲ್ಲಿದೆ ಎಂದು ಗುರುತಿಸಿ. ಫ್ಲಾರೆನ್ಸಿನ ಫ್ರಾಂಸ್ವಾ ಮಡಕೆಯ ಮೇಲೆ 1900ರಲ್ಲಿ ಕಾವಲುಗಾರನೊಬ್ಬ ಸ್ಟೂಲ್ ಎಸೆದು ಅದು 638 ಚೂರುಗಳಾಗಿತ್ತು. ಇಂದು ನಾವು ನೋಡುವುದು ತಾಳ್ಮೆಯಿಂದ ಜೋಡಿಸಿದ ಮಡಕೆಯನ್ನು. ಹೊಸದಾಗಿ ಬಳಿದ ಭಾಗದ ಮೇಲೆ ನಿಮ್ಮ ತೀರ್ಮಾನ ನಿಲ್ಲಬಾರದು.

ಮಡಕೆ ಎಲ್ಲಿ ಸಿಕ್ಕಿತು ಎಂಬುದನ್ನೂ ಓದಿ. ಅಥೆನ್ಸಿನ ಉತ್ತಮ ಮಡಕೆಗಳಲ್ಲಿ ಬಹುಪಾಲು ಸಿಕ್ಕಿದ್ದು ಇಟಲಿಯಲ್ಲಿ, ವುಲ್ಚಿ, ಚೆರ್ವೆಟೆರಿಯಂಥ ಕಡೆಯ ಎಟ್ರಸ್ಕನ್ನರ (ಪ್ರಾಚೀನ ಇಟಲಿಯ ಒಂದು ಜನಾಂಗ) ಸಮಾಧಿಗಳಲ್ಲಿ. ಸಿಕ್ಕ ಜಾಗದ ವಿವರವೇ ಇಲ್ಲದಿದ್ದರೆ ಎಚ್ಚರವಾಗಿರಿ. ಸರ್ಪೆಡಾನ್‌ನ ಕ್ರೇಟರ್ ಅನ್ನು ಚೆರ್ವೆಟೆರಿಯ ಸಮಾಧಿಯಿಂದ ಕಳ್ಳತನದಲ್ಲಿ ಅಗೆದು ತೆಗೆಯಲಾಗಿತ್ತು. ಮೆಟ್ರೊಪಾಲಿಟನ್ ಮ್ಯೂಸಿಯಂ 1972ರಲ್ಲಿ ಅದನ್ನು ಹತ್ತು ಲಕ್ಷ ಡಾಲರ್‌ಗೆ ಕೊಂಡಿತು. 2008ರಲ್ಲಿ ಅದು ಇಟಲಿಗೆ ಮರಳಿತು. ಅಗೆದವರು ಹಾಳುಗೆಡವಿದ ಸಮಾಧಿಯ ಮಾಹಿತಿ ಮಾತ್ರ ಎಂದಿಗೂ ಮರಳದು.

ಚಿತ್ರಕಾರನ ಕೈ ಗುರುತಿಸುವ ವಿದ್ಯೆ ಬೇರೆಯೇ ಸಾಧನೆ. ಜಾನ್ ಬೀಜ್ಲಿ (1885–1970) ಕಿವಿ, ಕಣಕಾಲು, ಮೊಣಕಾಲುಚಿಪ್ಪಿನ ಗೆರೆಗಳನ್ನು ಹೋಲಿಸಿ ಸಹಿ ಇಲ್ಲದ ಸಾವಿರಾರು ಮಡಕೆಗಳನ್ನು ನೂರಾರು ಕೈಗಳಿಗೆ ಹಂಚಿದರು. ಹೊಸಬರು ಒಬ್ಬನೇ ಚಿತ್ರಕಾರನ ಹತ್ತು ಮಡಕೆಗಳ ಕಿವಿಗಳನ್ನು ಬರೆದು ನೋಡಿದರೆ ಸದ್ಯಕ್ಕೆ ಸಾಕು.

ಹೆಜ್ಜೆ 9: ಒಂದು ಮಡಕೆಯ ಮೇಲೆ ಎಲ್ಲವನ್ನೂ ಪ್ರಯೋಗಿಸಿ

ವ್ಯಾಟಿಕನ್‌ನಲ್ಲಿರುವ ಎಕ್ಸೀಕಿಯಾಸ್‌ನ ಅಂಫೊರಾ ತೆರೆಯಿರಿ. ಕ್ರಿ.ಪೂ. 540–530ರದು, 61 ಸೆಂಟಿಮೀಟರ್ ಎತ್ತರ, ಸಿಕ್ಕಿದ್ದು ವುಲ್ಚಿಯಲ್ಲಿ, ಕಪ್ಪು ಆಕೃತಿಯ ಶೈಲಿ. ಬಾಯಿಯ ಅಂಚಿನಲ್ಲಿ ‘ಎಕ್ಸೀಕಿಯಾಸ್ ನನ್ನನ್ನು ಚಿತ್ರಿಸಿದ, ಮಾಡಿದ’ ಎಂದು ಮಡಕೆಯೇ ಹೇಳುತ್ತದೆ. ಇಬ್ಬರು ಯೋಧರು ಎದುರುಬದುರು ಕುಳಿತು ಪಗಡೆಯಂಥ ಆಟ ಆಡುತ್ತಿದ್ದಾರೆ. ಮೇಲುಹೊದಿಕೆಗಳ ಮೇಲೆ ಕೂದಲೆಳೆಯಷ್ಟು ತೆಳುವಾದ ಗೀರುಗಳ ಕಸೂತಿ. ಎಡಗಡೆಯವನ ಬಾಯಿಯಿಂದ ‘ತೆಸರ’, ನಾಲ್ಕು. ಬಲಗಡೆಯವನ ಬಾಯಿಯಿಂದ ‘ತ್ರಿಯ’, ಮೂರು; ತ್ರಿಕೋಣದಲ್ಲಿ ನಾವು ಹೇಳುವ ‘ತ್ರಿ’ಗೂ ಅದಕ್ಕೂ ಮೂಲ ಒಂದೇ. ಎಡದವನು ಅಕಿಲೀಸ್, ಬಲದವನು ಅಜಾಕ್ಸ್ ಎಂದು ಬರಹವೇ ತಿಳಿಸುತ್ತದೆ. ಹಿಂಬದಿಯಲ್ಲಿ ಕ್ಯಾಸ್ಟರ್, ಪೊಲಿಡ್ಯೂಕಿಸ್ ಅವಳಿಗಳು ಮನೆಯಲ್ಲಿ ತಂದೆತಾಯಿಯ ನಡುವೆ ಇದ್ದಾರೆ. ನಾಯಿಯೊಂದು ಮೈಮೇಲೆ ಹಾರುತ್ತಿದೆ. ಈ ಬದಿಯ ಇಬ್ಬರಿಗೆ ಆ ಮನೆ ದೊರೆಯುವುದಿಲ್ಲ.

ಈಗ ಕೈಗಳು. ಬಲಗೈಗಳು ಆಟದ ಹಲಗೆಯತ್ತ ಚಾಚಿವೆ. ಎಡಗೈಗಳು ಎರಡೆರಡು ಈಟಿಗಳನ್ನು ಬಿಟ್ಟಿಲ್ಲ. ಆ ಈಟಿಗಳ ಓರೆಗೆರೆಗಳು ನಮ್ಮ ಕಣ್ಣನ್ನು ಹಲಗೆಗೇ ಇಳಿಸುತ್ತವೆ. ಅಕಿಲೀಸ್ ಶಿರಸ್ತ್ರಾಣ ತೆಗೆದಿಲ್ಲ. ಅಜಾಕ್ಸನದು ಹಿಂದೆ ಒರಗಿಸಿದ ಗುರಾಣಿಯ ಮೇಲಿದೆ.

ಇದಾದ ಕೂಡಲೇ, ಬೇರೇನನ್ನೂ ನೋಡದೆ, ಫ್ರಾನ್ಸಿನ ಬುಲೋನ್-ಸ್ಯುರ್-ಮೇರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿರುವ ಎಕ್ಸೀಕಿಯಾಸ್‌ನ ಇನ್ನೊಂದು ಅಂಫೊರಾಕ್ಕೆ ಹೋಗಿ. ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ದಕ್ಕದ ಅವಮಾನದಲ್ಲಿ ಅಜಾಕ್ಸ್ ಪ್ರಾಣ ಬಿಡುವ ಕಥೆ ಅದು. ಸುಮಾರು ಒಂದು ಶತಮಾನದ ನಂತರ ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಇದನ್ನೇ ನಾಟಕ ಮಾಡಿದ, ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ಹುಟ್ಟಿದ್ದು ಆ ನಾಟಕದಿಂದ. ಎಕ್ಸೀಕಿಯಾಸ್ ರಕ್ತವನ್ನು ತೋರಿಸಿಲ್ಲ. ಒಂದು ಈಚಲು ಜಾತಿಯ ಮರ, ನಡುವೆ ಒಬ್ಬನೇ ಕುಕ್ಕರಗಾಲಲ್ಲಿ ಕುಳಿತ ಅಜಾಕ್ಸ್. ಅವನ ಎರಡೂ ಕೈಗಳು ಮೊನೆ ಮೇಲಾಗಿ ನೆಟ್ಟ ಕತ್ತಿಯ ಬುಡಕ್ಕೆ ಮಣ್ಣು ಒತ್ತುತ್ತಿವೆ, ಸಸಿ ನೆಡುವವರು ಒತ್ತುವ ಹಾಗೆ. ಎದುರಿಗೆ ಗುರಾಣಿ, ಅದರ ಮೇಲೆ, ಆಟದ ದಿನದಂತೆಯೇ, ತೆಗೆದಿಟ್ಟ ಶಿರಸ್ತ್ರಾಣ.